ಬಿಡಿಭಾಗ ಸಿಗುವ ಕಾರು: ರಿಮೋಟ್ ಕಾರಿನ ಬಗೆಗೆ ಓದುಗರ ಪ್ರಶ್ನೆಗಳು

ರಜೆಯ ದಿನಗಳು ಹತ್ತಿರವಾಗುತ್ತಿರುವುದರಿಂದಲೋ ಏನೋ, ಈ ಬಾರಿ ಬಂದ ಪತ್ರಗಳಲ್ಲಿ ಮಕ್ಕಳ ರಿಮೋಟ್ ಕಾರಿಗೆ ಸಂಬಂಧಿಸಿದವೇ ಹೆಚ್ಚು. ಐದನ್ನು ಆಯ್ದುಕೊಂಡಿದ್ದೇನೆ. ಮೊದಲನೆಯ ಪತ್ರಕ್ಕೆ ಕೊಟ್ಟ ಉತ್ತರ ದೀರ್ಘವಾಗಿದೆ. ಉಳಿದವರೂ ಅದನ್ನು ಓದಿಕೊಂಡು ಮುಂದೆ ಹೋದರೆ ಹೇಳಿದ್ದನ್ನೇ ಹೇಳುವುದು ತಪ್ಪುತ್ತದೆ.

ಪ್ರಶ್ನೆ: ನಮ್ಮ ಮಗನಿಗೆ ಹತ್ತು ವರ್ಷ. ಎರಡು ವರ್ಷಗಳಲ್ಲಿ ಮೂರು ರಿಮೋಟ್ ಕಾರು ಕೊಡಿಸಿದೆವು. ಒಂದೂ ಎರಡು ತಿಂಗಳು ಬಾಳಲಿಲ್ಲ. ರಿಪೇರಿಗೆ ಒಯ್ದರೆ ‘ಇದನ್ನು ಬಿಚ್ಚಿ ಪ್ರಯೋಜನವಿಲ್ಲ, ಹೊಸದು ತೆಗೆದುಕೊಳ್ಳಿ’ ಎನ್ನುತ್ತಾರೆ. ಪರಿಚಿತರೊಬ್ಬರು ‘ಹಾಬಿ ಗ್ರೇಡ್’ ಕಾರು ಕೊಡಿಸಿ ಎಂದರು. ಅದರ ಬೆಲೆ ಐದಾರು ಪಟ್ಟು ಹೆಚ್ಚು. ಅಷ್ಟು ಹಣ ಹಾಕುವುದರಲ್ಲಿ ಅರ್ಥವಿದೆಯೆ? ನಮ್ಮ ಮನೆಯ ಮುಂದೆ ಅಡಿಕೆ ಒಣಗಿಸುವ ದೊಡ್ಡ ಅಂಗಳವಿದೆ, ಅದರಾಚೆ ಮಣ್ಣಿನ ರಸ್ತೆ. ಎಂಥ ಕಾರನ್ನು ಆರಿಸಬೇಕು? (ಓದುಗರೊಬ್ಬರು, ಸಾಗರ ತಾಲ್ಲೂಕು)

ಉತ್ತರ: ಕೆಟ್ಟುಹೋದ ಮೂರು ಕಾರುಗಳಲ್ಲಿ ಒಂದಾದರೂ ಅಟ್ಟದ ಮೇಲಿದ್ದರೆ ಕೆಳಗಿಳಿಸಿ, ತಲೆಕೆಳಗು ಮಾಡಿ, ನಾಲ್ಕು ಸ್ಕ್ರೂ ಬಿಚ್ಚಿ ನೋಡಿ. ಒಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದೇ ಒಂದು ಸರ್ಕ್ಯೂಟ್ ಬೋರ್ಡು ಕಾಣುತ್ತದೆ. ರಿಮೋಟಿನ ಸಂಕೇತವನ್ನು ಹಿಡಿಯುವುದು, ಮೋಟಾರಿಗೆ ಕರೆಂಟು ಬಿಡುವುದು, ಮುಂದಿನ ಚಕ್ರಗಳನ್ನು ಎಡಬಲಕ್ಕೆ ಎಳೆಯುವುದು ಎಲ್ಲವೂ ಅದರದೇ ಕೆಲಸ, ಮತ್ತು ಅದರಲ್ಲಿ ಒಂದು ಕೈಕೊಟ್ಟರೆ ಮೂರೂ ಹೋದಂತೆ. ಹಾಬಿ ಗ್ರೇಡ್ ಕಾರಿನಲ್ಲಿ ಇವು ಬೇರೆಬೇರೆಯಾಗಿರುತ್ತವೆ. ಸಂಕೇತ ಹಿಡಿಯಲು ರಿಸೀವರ್, ಮೋಟಾರಿನ ವೇಗ ನಿಯಂತ್ರಿಸಲು ಇಎಸ್‌ಸಿ ಎಂಬ ಪುಟ್ಟ ಪೆಟ್ಟಿಗೆ, ಚಕ್ರ ತಿರುಗಿಸಲು ಸರ್ವೊ. ಪ್ರತಿಯೊಂದನ್ನೂ ಕಳಚಿ ಬೇರೆಯದನ್ನು ಕೂರಿಸಬಹುದು. ಓಡಿಸುವಾಗಲೂ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಅಗ್ಗದ ಆಟಿಕೆ ಕಾರಿಗೆ ಸಾಮಾನ್ಯವಾಗಿ ಪೂರ್ತಿ ಎಡ, ನೇರ, ಪೂರ್ತಿ ಬಲ ಎಂಬ ಮೂರೇ ಸ್ಥಿತಿಗಳು ಗೊತ್ತು. ಹಾಬಿ ಗ್ರೇಡ್ ಕಾರು ಬೆರಳು ಎಷ್ಟು ಒತ್ತಿದರೆ ಅಷ್ಟೇ ಓಡುತ್ತದೆ, ರಿಮೋಟಿನ ಚಕ್ರ ಎಷ್ಟು ತಿರುಗಿದರೆ ಅಷ್ಟೇ ತಿರುಗುತ್ತದೆ. ಮಗು ಮೊದಲ ಬಾರಿಗೆ ಕಾರನ್ನು ‘ಓಡಿಸುವುದು’ ಆಗಲೇ. ಅದುವರೆಗೆ ಮಾಡಿದ್ದು ಗುಂಡಿ ಒತ್ತುವ ಕೆಲಸ.

ಆದರೆ ಹಾಬಿ ಗ್ರೇಡ್ ಎಂಬ ಮಾತನ್ನು ಡಬ್ಬಿಯ ಮೇಲೆ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಕೆಲವು ವರ್ಷಗಳ ಹಿಂದೆ ಆ ಪದವನ್ನೇ ನಂಬಿ, ಹೆಸರೇ ಕೇಳಿರದ ಒಂದು ಮಾದರಿಯನ್ನು ನನ್ನ ಮಗಳಿಗೆ ಕೊಡಿಸಿದೆ. ಆರನೆಯ ದಿನ ಕಾರು ಕಾಂಪೌಂಡಿಗೆ ಬಡಿದು ಮುಂದಿನ ಎಡಚಕ್ರವನ್ನು ಹಿಡಿದಿಡುವ ಪ್ಲಾಸ್ಟಿಕ್ ತೋಳು ಮುರಿಯಿತು. ಕಿರುಬೆರಳುದ್ದದ ತುಂಡು. ಮಾರಿದವರು ‘ತರಿಸಿಕೊಡುತ್ತೇವೆ’ ಎಂದರು, ಆಮೇಲೆ ಫೋನ್ ಎತ್ತುವುದನ್ನು ಬಿಟ್ಟರು. ಮೋಟಾರು, ಬ್ಯಾಟರಿ, ಸರ್ವೊ ಎಲ್ಲವೂ ಚೆನ್ನಾಗಿದ್ದ ಆ ಕಾರು ಒಂದು ತುಂಡು ಪ್ಲಾಸ್ಟಿಕ್ಕಿಗಾಗಿ ಮೂಲೆ ಸೇರಿತು. ಕಾರು ಎಷ್ಟೇ ಗಟ್ಟಿಯಾಗಿರಲಿ, ಅದರ ಬಿಡಿಭಾಗ ನಿಮ್ಮ ಕೈಗೆ ಸಿಗದಿದ್ದರೆ ಅದು ಆಟಿಕೆಯೇ ಎಂದು ನಾನು ಕಲಿತದ್ದು ಹಾಗೆ.

ಆದ್ದರಿಂದ ಕಾರನ್ನು ಹುಡುಕುವ ಮೊದಲು ಅದರ ಬಿಡಿಭಾಗವನ್ನು ಹುಡುಕಿ. ಮನಸ್ಸಿಗೆ ಬಂದ ಮಾದರಿಯ ಸಂಖ್ಯೆಯನ್ನು ಬರೆದುಕೊಂಡು, ಅದಕ್ಕೆ ಹೊಂದುವ, ಚಕ್ರವನ್ನು ಹಿಡಿದಿಡುವ ತೋಳಾದ ಸಸ್ಪೆನ್ಷನ್ ಆರ್ಮ್, ಮೋಟಾರಿನ ಪಕ್ಕದ ದೊಡ್ಡ ಹಲ್ಲುಗಾಲಿಯಾದ ಸ್ಪರ್ ಗೇರ್, ಚಕ್ರಕ್ಕೆ ಶಕ್ತಿ ಒಯ್ಯುವ ಡಾಗ್‌ಬೋನ್ ಎಂಬ ಕಡ್ಡಿ ಮತ್ತು ಸರ್ವೊ, ಈ ನಾಲ್ಕೂ ಭಾರತದಲ್ಲಿರುವ ಮಾರಾಟಗಾರರ ಬಳಿ ದಾಸ್ತಾನಿವೆಯೆ ಎಂದು ವಿಚಾರಿಸಿ. ಮಕ್ಕಳ ಕೈಯಲ್ಲಿ ಮುರಿಯುವುದು ಬಹುಮಟ್ಟಿಗೆ ಇವೇ. ‘ವಿದೇಶದಿಂದ ಬರಬೇಕು, ನಾಲ್ಕು ವಾರವಾಗುತ್ತದೆ’ ಎಂಬ ಉತ್ತರ ಬಂದರೆ ಆ ಕಾರನ್ನು ಬಿಡಿ. ಹತ್ತು ವರ್ಷದ ಹುಡುಗನ ಉತ್ಸಾಹಕ್ಕೆ ನಾಲ್ಕು ವಾರ ಬಹಳ ದೊಡ್ಡ ಅವಧಿ. ಸರ್ವೊ ಬಗ್ಗೆ ಇನ್ನೊಂದು ಸೂಕ್ಷ್ಮವಿದೆ. ಸಾಮಾನ್ಯ ಸರ್ವೊಗೆ ಮೂರು ತಂತಿಗಳಿರುತ್ತವೆ, ಯಾವ ಕಂಪನಿಯದಾದರೂ ನಡೆಯುತ್ತದೆ. ಅಗ್ಗದ ಕೆಲವು ಕಾರುಗಳಲ್ಲಿ ರಿಸೀವರ್ ಮತ್ತು ಇಎಸ್‌ಸಿಯನ್ನು ಒಂದೇ ಪೆಟ್ಟಿಗೆಯಲ್ಲಿ ಸೇರಿಸಿ ಐದು ತಂತಿಯ ಸರ್ವೊ ಹಾಕಿರುತ್ತಾರೆ, ಅದಕ್ಕೆ ಆ ಮಾದರಿಯದೇ ಬೇಕು. ಎರಡರಲ್ಲಿ ಆರಿಸುವ ಅವಕಾಶವಿದ್ದರೆ ಮೂರು ತಂತಿಯದನ್ನೇ ಆರಿಸಿ.

ಇನ್ನು ಜಾಗದ ವಿಷಯ. ಕಾರಿನ ಅಳತೆಯನ್ನು 1:10, 1:14, 1:18 ಎಂದು ಅನುಪಾತದಲ್ಲಿ ಹೇಳುತ್ತಾರೆ. ನಾಲ್ಕೂವರೆ ಮೀಟರ್ ಉದ್ದದ ನಿಜವಾದ ಕಾರನ್ನು ಹತ್ತನೇ ಒಂದಕ್ಕೆ ಇಳಿಸಿದರೆ 45 ಸೆಂಟಿಮೀಟರ್, ಹದಿನೆಂಟನೇ ಒಂದಕ್ಕೆ ಇಳಿಸಿದರೆ 25 ಸೆಂಟಿಮೀಟರ್. ಚಿಕ್ಕ ಕಾರಿಗೆ ನಿಮ್ಮ ಮಣ್ಣಿನ ರಸ್ತೆಯ ಒಂದು ಜಲ್ಲಿಕಲ್ಲು ಬಂಡೆಯಿದ್ದಂತೆ. ಹೀಗಾಗಿ ನಿಮಗೆ 1:14ಕ್ಕಿಂತ ಚಿಕ್ಕದು ಬೇಡ. ನೆಲದಿಂದ ಎತ್ತರವಿರುವ ಬಗ್ಗಿ ಅಥವಾ ಟ್ರಕ್ ಮಾದರಿ ಇರಲಿ. ರೇಸ್ ಕಾರಿನಂತೆ ನೆಲಕ್ಕಂಟಿದ, ನೋಡಲು ಬಹಳ ಅಂದವಾದ ಮಾದರಿಗಳು ನಯವಾದ ಡಾಂಬರಿಗೋ ಕಾಂಕ್ರೀಟಿಗೋ ಆಗುತ್ತವೆಯೇ ಹೊರತು ಮಣ್ಣಿಗಲ್ಲ. ಅಡಿಕೆ ಅಂಗಳದ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು: ಸಿಪ್ಪೆಯ ನಾರು ಚಕ್ರದ ಅಚ್ಚಿಗೆ ದಾರದಂತೆ ಸುತ್ತಿಕೊಂಡು ಬೇರಿಂಗನ್ನು ತಿನ್ನುತ್ತದೆ. ಸುಲಿಯುವ ಕಾಲದಲ್ಲಿ ಕಾರು ರಸ್ತೆಯ ಕಡೆಗೇ ಇರಲಿ.

ವೇಗವನ್ನು ಕೊನೆಗೆ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಆದರೆ ಅಂಗಡಿಯವರು ಮೊದಲು ಹೇಳುವುದೇ ಅದನ್ನು. ಗಂಟೆಗೆ 45, 60 ಕಿಲೋಮೀಟರ್ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಒಂದೂವರೆ ಕಿಲೋ ತೂಗುವ ಕಾರು 45 ಕಿಲೋಮೀಟರ್ ವೇಗದಲ್ಲಿ ಬರುವಾಗ ಅದರಲ್ಲಿರುವ ಚಲನಶಕ್ತಿಯನ್ನು ಲೆಕ್ಕ ಹಾಕಿದರೆ, 160 ಗ್ರಾಂ ತೂಕದ ಕ್ರಿಕೆಟ್‌ನ ಲೆದರ್ ಬಾಲನ್ನು ಗಂಟೆಗೆ ಸುಮಾರು 138 ಕಿಲೋಮೀಟರ್ ವೇಗದಲ್ಲಿ ಎಸೆದಂತಾಗುತ್ತದೆ. ಅಂಥ ಬಾಲಿನ ಎದುರು ಆಟಗಾರರು ಪ್ಯಾಡು ಕಟ್ಟಿ ನಿಲ್ಲುತ್ತಾರೆ. ನಿಮ್ಮ ಅಂಗಳದಲ್ಲಿ ಅಡ್ಡ ಬರುವ ತಂಗಿಗೋ, ಅಜ್ಜಿಗೋ, ಕರುವಿಗೋ ಪ್ಯಾಡಿಲ್ಲ. ಆದ್ದರಿಂದ ವೇಗವನ್ನು ಕಡಿಮೆ ಮಾಡಿಡುವ ಸೌಲಭ್ಯವಿರುವ ಕಾರನ್ನೇ ಕೊಳ್ಳಿ. ಕೆಲವು ರಿಮೋಟ್‌ಗಳಲ್ಲಿ ವೇಗದ ಮಿತಿಗೆಂದೇ ಒಂದು ತಿರುಗುಗುಂಡಿ ಇರುತ್ತದೆ. ಅಮೆರಿಕದ ಟ್ರ್ಯಾಕ್ಸಸ್ ಕಂಪನಿಯ ಸ್ಲ್ಯಾಷ್‌ನಂಥ ಮಾದರಿಗಳಲ್ಲಿ ಬರುವ ಎಕ್ಸ್‌ಎಲ್-5 ಇಎಸ್‌ಸಿಯಲ್ಲಿ ಕಲಿಕೆಯ ಕ್ರಮವೊಂದಿದೆ. ಅದನ್ನು ಆರಿಸಿದರೆ ಮೋಟಾರಿಗೆ ಅರ್ಧ ಶಕ್ತಿ ಮಾತ್ರ ಹೋಗುತ್ತದೆ. ಎರಡೂ ಇಲ್ಲದ ಕಾರಾದರೆ ಮೋಟಾರಿನ ತುದಿಯ ಪಿನಿಯನ್ ಗೇರನ್ನು ಕಡಿಮೆ ಹಲ್ಲಿನದಕ್ಕೆ ಬದಲಾಯಿಸಿ. ವೇಗ ಇಳಿಯುತ್ತದೆ, ಎಳೆಯುವ ಬಲ ಹೆಚ್ಚುತ್ತದೆ, ಮೋಟಾರೂ ತಣ್ಣಗಿರುತ್ತದೆ.

ಹೆಸರು ಹಿಡಿದು ಹೇಳಿ ಎಂದರೆ ಮೂರು ದಾರಿಗಳಿವೆ. ಕಡಿಮೆ ಖರ್ಚಿನಲ್ಲಿ ಹಾಬಿ ಗ್ರೇಡ್ ಬೇಕೆನ್ನುವವರು ಚೀನಾದ ಡಬ್ಲ್ಯುಎಲ್‌ಟಾಯ್ಸ್ ಕಂಪನಿಯ ಕಾರುಗಳತ್ತ ನೋಡುತ್ತಾರೆ. ಅದರ 144001 ಎಂಬ 1:14 ಬಗ್ಗಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ, ಲೋಹದ ತಳವಿರುವ ಕಾರು. ಬಿಡಿಭಾಗಗಳ ಚಲಾವಣೆ ಚೆನ್ನಾಗಿದೆ, ಆದರೆ ಹತ್ತು ವರ್ಷದ ಮಗುವಿಗೆ ಅದರ ವೇಗ ಹೆಚ್ಚು, ಹಾಗಾಗಿ ಮೇಲೆ ಹೇಳಿದ ಪಿನಿಯನ್ ಉಪಾಯ ಮಾಡದೆ ಕೊಡಬೇಡಿ. ಟ್ರ್ಯಾಕ್ಸಸ್ ಕಾರುಗಳು ಪೆಟ್ಟು ತಾಳುವುದರಲ್ಲಿ ಗಟ್ಟಿ, ಬೆಲೆಯಲ್ಲೂ ಗಟ್ಟಿ. ಮೂರನೆಯದು ನನಗೆ ಹೆಚ್ಚು ಪ್ರಿಯವಾದದ್ದು: ಜಪಾನಿನ ಶಿಜುವೊಕಾ ನಗರದ ತಮಿಯಾ ಕಂಪನಿಯ ಕಿಟ್. 1976ರಲ್ಲಿ ಪೋರ್ಷೆ 934 ಮಾದರಿಯಿಂದ ರಿಮೋಟ್ ಕಾರುಗಳನ್ನು ಆರಂಭಿಸಿದ ಈ ಕಂಪನಿ, 1984ರಲ್ಲಿ ಹೊರತಂದ ಗ್ರಾಸ್‌ಹಾಪರ್ ಎಂಬ ಸರಳ ಬಗ್ಗಿಯನ್ನು 2005ರಲ್ಲಿ ಮತ್ತೆ ತಯಾರಿಸಿತು. ಡಬ್ಬಿ ತೆರೆದರೆ ಕಾರಿರುವುದಿಲ್ಲ; ಅಕ್ಷರಗಳ ಗುರುತು ಹಾಕಿದ ಪ್ಲಾಸ್ಟಿಕ್ ಚೌಕಟ್ಟುಗಳು, ಸ್ಕ್ರೂಗಳ ಪೊಟ್ಟಣಗಳು, ಚಿತ್ರಗಳಲ್ಲೇ ಎಲ್ಲವನ್ನೂ ಹೇಳುವ ಪುಸ್ತಿಕೆ ಇರುತ್ತವೆ. ಮಗ ನಿಮ್ಮ ಜೊತೆ ಕುಳಿತು ನಾಲ್ಕೈದು ಸಂಜೆ ಜೋಡಿಸಬೇಕು. ರೇಡಿಯೊ, ಸರ್ವೊ, ಬ್ಯಾಟರಿ, ಚಾರ್ಜರುಗಳನ್ನು ಬೇರೆಯಾಗಿ ಕೊಳ್ಳಬೇಕಾಗುವುದರಿಂದ ಡಬ್ಬಿಯ ಮೇಲಿನ ಬೆಲೆಯನ್ನು ಒಟ್ಟು ಖರ್ಚೆಂದು ತಿಳಿಯಬೇಡಿ. ಇದು ಹೆಚ್ಚು ವೇಗದ ಕಾರಲ್ಲ. ಆದರೆ ತಾನೇ ಜೋಡಿಸಿದ ಕಾರು ಕೆಟ್ಟಾಗ ಮಗು ಅಳುತ್ತ ನಿಮ್ಮ ಬಳಿ ಓಡಿ ಬರುವುದಿಲ್ಲ, ಸ್ಕ್ರೂಡ್ರೈವರ್ ಹುಡುಕಲು ಹೋಗುತ್ತದೆ.

ಮೋಟಾರಿನಲ್ಲಿ ಬ್ರಷ್ (ತಿರುಗುವ ಭಾಗಕ್ಕೆ ಉಜ್ಜುತ್ತ ಕರೆಂಟು ಮುಟ್ಟಿಸುವ ತುಂಡು) ಇರುವುದು, ಇಲ್ಲದ್ದು ಎಂಬ ಎರಡು ಬಗೆಗಳಿವೆ. ಬ್ರಷ್‌ಲೆಸ್ ಮೋಟಾರು ಹೆಚ್ಚು ಬಾಳುತ್ತದೆ, ಹೆಚ್ಚು ಓಡುತ್ತದೆ, ಹೆಚ್ಚು ದುಬಾರಿ. ಮೊದಲ ಕಾರಿಗೆ ಅದು ಬೇಡ. ಮೆಥನಾಲ್ ಮತ್ತು ನೈಟ್ರೊಮೀಥೇನ್ ಬೆರೆಸಿದ ಇಂಧನದಿಂದ ಓಡುವ ನೈಟ್ರೊ ಕಾರುಗಳನ್ನು ಈ ವಯಸ್ಸಿನ ಮಕ್ಕಳಿಗಾಗಿ ವಿಚಾರಿಸಲೂ ಹೋಗಬೇಡಿ.

ನಿಮ್ಮಲ್ಲಿರುವ ಹಣದ ಮುಕ್ಕಾಲು ಭಾಗವನ್ನು ಮಾತ್ರ ಕಾರಿಗೆ ಖರ್ಚು ಮಾಡಿ. ಉಳಿದದ್ದರಲ್ಲಿ ಇನ್ನೊಂದು ಬ್ಯಾಟರಿ, ಎರಡು ಜೊತೆ ಸಸ್ಪೆನ್ಷನ್ ಆರ್ಮ್, ಒಂದು ಸ್ಪರ್ ಗೇರ್, ಕಾರಿನ ಸ್ಕ್ರೂಗಳಿಗೆ ಸರಿಹೊಂದುವ ಒಳ್ಳೆಯ ಸ್ಕ್ರೂಡ್ರೈವರ್ ಮತ್ತು ಅಲೆನ್ ಕೀ ಕೊಳ್ಳಿ. ಡಬ್ಬಿಯ ಜೊತೆ ಬರುವ ಉಪಕರಣಗಳು ಮೆದು. ಎರಡು ಸಲ ತಿರುವಿದರೆ ಸ್ಕ್ರೂವಿನ ತಲೆ ಸವೆದು, ಆಮೇಲೆ ಅದನ್ನು ತೆಗೆಯುವುದೇ ಒಂದು ಪ್ರತ್ಯೇಕ ಕೆಲಸವಾಗುತ್ತದೆ. ಕಾರು ಬಂದ ಮೊದಲ ದಿನವೇ ಮಗನಿಗೆ ಒಂದು ವಿದ್ಯೆ ಕಲಿಸಿಬಿಡಿ. ಪಿನಿಯನ್ ಮತ್ತು ಸ್ಪರ್ ಗೇರುಗಳ ಹಲ್ಲುಗಳು ಒಂದನ್ನೊಂದು ತೀರ ಬಿಗಿಯಾಗಿ ಕಚ್ಚಿದರೆ ಮೋಟಾರು ಬಿಸಿಯಾಗುತ್ತದೆ, ಸಡಿಲವಾದರೆ ಹಲ್ಲು ಉದುರುತ್ತದೆ. ನೋಟ್‌ಬುಕ್ಕಿನ ಹಾಳೆಯಿಂದ ಬೆರಳಗಲದ ಒಂದು ಪಟ್ಟಿ ಹರಿದು ಎರಡು ಗೇರುಗಳ ನಡುವೆ ಉರುಳಿಸಿ, ಮೋಟಾರನ್ನು ಗೇರಿನ ಕಡೆಗೆ ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ, ನಂತರ ಕಾಗದವನ್ನು ಉರುಳಿಸಿ ಹೊರತೆಗೆಯಬೇಕು. ಕಾಗದದ ಮೇಲೆ ಹಲ್ಲುಗಳ ಗುರುತು ಸಮನಾಗಿ ಮೂಡಿ, ಕಾಗದ ಹರಿಯದೆ ಬಂದರೆ ಅಂತರ ಸರಿಯಾಗಿದೆ ಎಂದರ್ಥ. ಐವತ್ತು ವರ್ಷ ಅನುಭವವಿರುವವರೂ ಇದನ್ನೇ ಮಾಡುತ್ತಾರೆ.

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಐದನೆಯ ಮಹಡಿಯ ಫ್ಲ್ಯಾಟಿನಲ್ಲಿದ್ದೇವೆ. ಮಗಳಿಗೆ ಏಳು ವರ್ಷ. ಅವಳ ಅಣ್ಣಂದಿರ ಕಾರು ನೋಡಿ ತನಗೂ ಬೇಕೆನ್ನುತ್ತಾಳೆ. ಡಬ್ಬಿಯ ಮೇಲೆ ‘14 ವರ್ಷ ಮೇಲ್ಪಟ್ಟವರಿಗೆ’ ಎಂದಿದೆ. ಕೊಡಿಸಬಹುದೆ? ಬೇಸ್‌ಮೆಂಟಿನ ಪಾರ್ಕಿಂಗಿನಲ್ಲಿ ಓಡಿಸಲು ಬಿಡಬಹುದೆ? (ಒಬ್ಬ ತಾಯಿ, ಬೆಂಗಳೂರು)

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಬಿಡಬೇಡಿ. ಕಾರನ್ನು ಹಿಂದೆಗೆಯುವ ಚಾಲಕರ ಕಣ್ಣಿಗೆ ಮೊಣಕಾಲೆತ್ತರದ ವಸ್ತುವೂ ಬೀಳುವುದಿಲ್ಲ, ಆಟಿಕೆಯ ಹಿಂದೆ ಬಗ್ಗಿ ಓಡುವ ಏಳು ವರ್ಷದ ಮಗುವೂ ಬೀಳುವುದಿಲ್ಲ.

ಡಬ್ಬಿಯ ಮೇಲಿನ ವಯಸ್ಸು ಸುಮ್ಮನೆ ಹಾಕಿದ್ದಲ್ಲ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಜಾರಿಯಲ್ಲಿದ್ದು, 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ತಯಾರಾದ ವಸ್ತುಗಳ ಮೇಲೆ ಐಎಸ್‌ಐ ಗುರುತು ಇರಬೇಕು. ಹಾಬಿ ಗ್ರೇಡ್ ಕಾರುಗಳನ್ನು ತಯಾರಕರೇ ಮಕ್ಕಳ ಆಟಿಕೆಯೆಂದು ಕರೆಯುವುದಿಲ್ಲ; ಅವುಗಳ ವೇಗ, ತೆರೆದ ಗೇರು, ಲಿಥಿಯಂ ಬ್ಯಾಟರಿಗಳನ್ನು ಗಮನಿಸಿ, ಚಿಕ್ಕವರಾದರೆ ದೊಡ್ಡವರ ಉಸ್ತುವಾರಿಯಲ್ಲಿ ಓಡಿಸಲಿ ಎನ್ನುತ್ತಾರೆ. ಕೊಡಿಸಬಾರದೆಂದು ಇದರ ಅರ್ಥವಲ್ಲ. ಕೊಡಿಸಿದರೆ ಪಕ್ಕದಲ್ಲಿ ನೀವಿರಬೇಕು, ಬ್ಯಾಟರಿ ನಿಮ್ಮ ಕೈಯಲ್ಲಿರಬೇಕು.

ನಿಮ್ಮ ಮನೆಗೆ ಒಪ್ಪುವುದು ಕ್ರಾಲರ್ ಎಂಬ ಜಾತಿಯ ಕಾರು. ಜೀಪಿನ ಆಕಾರ, ಮೆದುವಾದ ದೊಡ್ಡ ಚಕ್ರ, ನಡಿಗೆಯ ವೇಗ. ಇದರ ಕೆಲಸ ಓಡುವುದಲ್ಲ, ಹತ್ತುವುದು. ಆಕ್ಸಿಯಲ್ ಕಂಪನಿಯ ಎಸ್‌ಸಿಎಕ್ಸ್24 ಎಂಬ 1:24 ಮಾದರಿ ಸುಮಾರು ಗೇಣುದ್ದವಷ್ಟೇ ಇದ್ದರೂ ಪೂರ್ಣ ಹಾಬಿ ಗ್ರೇಡ್. ಟ್ರ್ಯಾಕ್ಸಸ್‌ನ ಟಿಆರ್‌ಎಕ್ಸ್-4ಎಂ ಇನ್ನಷ್ಟು ದೊಡ್ಡದು, 1:18. ದಿಂಬು, ಹಳೆಯ ಪಠ್ಯಪುಸ್ತಕ, ಮಗುಚಿಟ್ಟ ರೊಟ್ಟಿಯ ಮೊರ, ಇಷ್ಟಿದ್ದರೆ ಹಾಲಿನಲ್ಲೇ ಒಂದು ಘಟ್ಟ ಸಿದ್ಧ. ಎಲ್ಲಿ ಬೆರಳು ಸಡಿಲಿಸಬೇಕು, ಯಾವ ಚಕ್ರವನ್ನು ಯಾವ ಪುಸ್ತಕದ ಅಂಚಿಗೆ ತರಬೇಕು ಎಂದು ಮಗು ಹೊಟ್ಟೆಯ ಮೇಲೆ ಮಲಗಿ ಲೆಕ್ಕ ಹಾಕುತ್ತದೆ. ಗೋಡೆಗೆ ಬಡಿದರೂ ಗೋಡೆಗಾಗಲಿ ಕಾರಿಗಾಗಲಿ ಏನೂ ಆಗುವುದಿಲ್ಲ. ವೇಗದ ಕಾರಿನಲ್ಲಿ ಸಿಗುವ ಆನಂದಕ್ಕಿಂತ ಇದು ಕಡಿಮೆ ಎಂದು ಹುಡುಗರು ಹೇಳಬಹುದು. ಅವರ ಕೈಗೊಮ್ಮೆ ಕೊಟ್ಟು ನೋಡಿ.

ಅಣ್ಣಂದಿರ ಕಾರಿನ ಜೊತೆ ಓಡಿಸಿದರೆ ರಿಮೋಟ್‌ಗಳು ಒಂದಕ್ಕೊಂದು ತೊಡಕಾಗುತ್ತವೆಯೆ ಎಂಬ ಅನುಮಾನವೂ ನಿಮ್ಮ ಪತ್ರದಲ್ಲಿದೆ. 27 ಮೆಗಾಹರ್ಟ್ಸ್ ಕಾಲದಲ್ಲಿ ಆಗುತ್ತಿತ್ತು. ಒಂದೇ ಕ್ರಿಸ್ಟಲ್ (ಸಂಕೇತದ ಆವರ್ತನವನ್ನು ನಿಗದಿ ಮಾಡುವ ಬಿಡಿಭಾಗ) ಇರುವ ಎರಡು ಕಾರು ಒಟ್ಟಿಗೆ ಓಡುತ್ತಿರಲಿಲ್ಲ. ಈಗಿನ 2.4 ಗಿಗಾಹರ್ಟ್ಸ್ ರಿಮೋಟ್ ತನ್ನ ಕಾರನ್ನು ಗುರುತು ಹಿಡಿದು ಅದರೊಂದಿಗೆ ಮಾತ್ರ ವ್ಯವಹರಿಸುತ್ತದೆ. ಒಂದು ಕ್ರಮವನ್ನು ಮಾತ್ರ ಪಾಲಿಸಿ: ಹಚ್ಚುವಾಗ ಮೊದಲು ರಿಮೋಟ್, ಆಮೇಲೆ ಕಾರು; ಆರಿಸುವಾಗ ಮೊದಲು ಕಾರು, ಆಮೇಲೆ ರಿಮೋಟ್. ಹೀಗಿದ್ದರೆ ಕಾರು ಒಂದು ಕ್ಷಣವೂ ಒಡೆಯನಿಲ್ಲದೆ ಇರುವುದಿಲ್ಲ.

ಪ್ರಶ್ನೆ: ಮಗನ ಕಾರಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ದಿಂಬಿನಂತೆ ಉಬ್ಬಿದೆ, ಆದರೂ ಕಾರು ಓಡುತ್ತಿದೆ. ಬಳಸಬಹುದೆ? ಇಂಥ ಬ್ಯಾಟರಿ ಮಕ್ಕಳ ಕೈಗೆ ಕೊಡುವುದೇ ತಪ್ಪೆ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಇಂದಿನಿಂದಲೇ ನಿಲ್ಲಿಸಿ. ಉಬ್ಬಿದೆ ಎಂದರೆ ಒಳಗಿನ ರಾಸಾಯನಿಕ ಒಡೆದು ಅನಿಲವಾಗಿದೆ. ಅದನ್ನು ಮತ್ತೆ ಚಾರ್ಜ್ ಮಾಡುವುದು ಬೆಂಕಿಯನ್ನು ಕರೆದಂತೆ. ಸೂಜಿಯಿಂದ ಚುಚ್ಚಿ ಗಾಳಿ ಬಿಡುವ ಸಾಹಸವನ್ನು ಯಾರೂ ಮಾಡಬೇಡಿ. ಸುಡದ ಜಾಗದಲ್ಲಿ, ಒಂದು ಮಣ್ಣಿನ ಕುಂಡದಲ್ಲಿ ಮರಳು ಹಾಕಿ ಇಟ್ಟು, ಮನೆಯ ಕಸಕ್ಕೆ ಹಾಕದೆ ಬ್ಯಾಟರಿ ಅಥವಾ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ತಲುಪಿಸಿ.

ಉಬ್ಬಿದ್ದು ಏಕೆ ಎಂದು ತಿಳಿದರೆ ಮುಂದಿನದು ಉಳಿಯುತ್ತದೆ. ಲಿಪೊ ಬ್ಯಾಟರಿಯ ಒಂದು ಸೆಲ್ಲಿನ ಸರಾಸರಿ ವೋಲ್ಟೇಜು 3.7, ಪೂರ್ತಿ ತುಂಬಿದಾಗ 4.2. ಅದು 3.0ಕ್ಕಿಂತ ಕೆಳಗಿಳಿದರೆ ಸೆಲ್ಲು ಕೆಡಲು ತೊಡಗುತ್ತದೆ. ನನಗೆ ಬರುವ ಇಂಥ ದೂರುಗಳಲ್ಲಿ ಕಾರಣ ಹೆಚ್ಚಾಗಿ ಎರಡೇ. ಆಡಿ ಬಂದ ಮಗು ಬ್ಯಾಟರಿಯ ಪ್ಲಗ್ ತೆಗೆಯದೆ ಕಾರನ್ನು ಮಂಚದ ಕೆಳಗೆ ತಳ್ಳುತ್ತದೆ. ಅಲ್ಲಿ ಅದು ಹನಿಹನಿಯಾಗಿ ಇಳಿದು ಒಂದು ವಾರದಲ್ಲಿ ಸಾಯುತ್ತದೆ. ಇಲ್ಲವೆ, ಇಎಸ್‌ಸಿಯಲ್ಲಿ ಬ್ಯಾಟರಿಯ ಬಗೆಯನ್ನು ಆರಿಸುವ ವ್ಯವಸ್ಥೆ ಇದ್ದು ಅದು ನಿಕಲ್ ಮೆಟಲ್ ಹೈಡ್ರೈಡ್ ಎಂದೇ ಉಳಿದಿರುತ್ತದೆ. ಆಗ ವೋಲ್ಟೇಜು ಇಳಿದರೂ ಕಾರು ತಾನಾಗಿ ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಸೆಲ್ಲಿಗೆ ಸುಮಾರು 3.8 ವೋಲ್ಟ್ ಇರುವಂತೆ, ಅಂದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿಸಿ ಇಡಬೇಕು. ಪೂರ್ತಿ ತುಂಬಿಸಿ ಇಟ್ಟರೂ ಹಾಳು, ಬರಿದು ಮಾಡಿ ಇಟ್ಟರೂ ಹಾಳು. ನಿಮ್ಮೂರಿನ ಬೇಸಿಗೆಯಲ್ಲಿ ನಿಲ್ಲಿಸಿದ ನಿಜವಾದ ಕಾರಿನೊಳಗೆ ಬಿಟ್ಟು ಹೋಗುವುದಂತೂ ಕೂಡದು.

ಮಕ್ಕಳ ಕೈಗೆ ಕೊಡುವುದು ತಪ್ಪೆ ಎಂದು ಕೇಳಿದ್ದೀರಿ. ಚಾರ್ಜ್ ಮಾಡುವ ಕೆಲಸ ದೊಡ್ಡವರದಾಗಿರಲಿ ಎಂಬುದು ನನ್ನ ಉತ್ತರ. ಹಾಸಿಗೆ, ಸೋಫಾಗಳ ಮೇಲೆ ಬೇಡ. ಅಡುಗೆ ಕಟ್ಟೆಯ ಕಲ್ಲಿನ ಮೇಲೆ, ಎಚ್ಚರವಿರುವ ಹೊತ್ತಿನಲ್ಲಿ, ಪ್ರತಿ ಸೆಲ್ಲನ್ನೂ ಸಮನಾಗಿ ತುಂಬಿಸುವ ಬ್ಯಾಲೆನ್ಸ್ ಚಾರ್ಜರಿನಿಂದ ಮಾಡಿ. 1500 ಮಿಲಿಆಂಪ್ ಅವರ್ ಬ್ಯಾಟರಿಯಾದರೆ ಒಂದೂವರೆ ಆಂಪಿಯರಿಗಿಂತ ಹೆಚ್ಚಿನ ದರಕ್ಕೆ ಹೋಗಬೇಡಿ. ಇಷ್ಟು ನಿಗಾ ಸಾಧ್ಯವಿಲ್ಲದ ಮನೆಗೆ ಆರು ಸೆಲ್ಲಿನ 7.2 ವೋಲ್ಟ್ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯೇ ಮೇಲು. ಅದು ಭಾರ, ಕಾರು ಸ್ವಲ್ಪ ನಿಧಾನ, ಆದರೆ ಮರೆವನ್ನು ಕ್ಷಮಿಸುತ್ತದೆ. ಯಾವ ಬ್ಯಾಟರಿಯಾದರೂ ಒಂದು ಮುಗಿದ ಕೂಡಲೇ ಇನ್ನೊಂದನ್ನು ಸಿಕ್ಕಿಸದೆ ಮೋಟಾರಿಗೆ ಹತ್ತು ಹದಿನೈದು ನಿಮಿಷ ಬಿಡುವು ಕೊಡಿ. ಮೋಟಾರಿನ ಮೇಲೆ ಬೆರಳಿಟ್ಟು ಐದು ಎಣಿಸುವವರೆಗೆ ತಡೆದುಕೊಳ್ಳಲು ಆಗದಿದ್ದರೆ ಅದು ಮಿತಿಮೀರಿ ಬಿಸಿಯಾಗಿದೆ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ತಮ್ಮ ಮುಂದಿನ ತಿಂಗಳು ಬರುವಾಗ ಮಗನಿಗೆ ಕಾರು ತರುತ್ತೇನೆ ಎಂದಿದ್ದಾನೆ. ಅಲ್ಲಿ ಅಗ್ಗವಂತೆ. ತರಿಸಬಹುದೆ? ಮತ್ತೆ, ‘ವಾಟರ್‌ಪ್ರೂಫ್’ ಎಂದಿರುವ ಕಾರನ್ನು ಮಲ್ಪೆಯ ಕಡಲತೀರದಲ್ಲಿ ಓಡಿಸಬಹುದಲ್ಲವೆ? (ಓದುಗರೊಬ್ಬರು, ಉಡುಪಿ)

ಉತ್ತರ: ತರಿಸಬಹುದು, ಆದರೆ ಇಲ್ಲಿ ಬಿಡಿಭಾಗ ಸಿಗುವ ಮಾದರಿಯನ್ನೇ ನೀವು ಇಲ್ಲಿಂದ ಆರಿಸಿ ತಿಳಿಸಿ, ಅಲ್ಲಿನ ಅಂಗಡಿಯಲ್ಲಿ ತಮ್ಮನಿಗೆ ಚೆಂದ ಕಂಡದ್ದು ಬೇಡ. ಬಿಡಿ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಚೆಕ್-ಇನ್ ಪೆಟ್ಟಿಗೆಗೆ ಹಾಕುವಂತಿಲ್ಲ, ಕೈಚೀಲದಲ್ಲೇ ತರಬೇಕು. ಸಾಮಾನ್ಯ ಮಿತಿ 100 ವಾಟ್-ಅವರ್; 7.4 ವೋಲ್ಟ್, 5000 ಮಿಲಿಆಂಪ್ ಅವರ್ ಬ್ಯಾಟರಿಯದು 37 ಮಾತ್ರ, ಹಾಗಾಗಿ ತೊಂದರೆಯಿಲ್ಲ. ತುದಿಗಳಿಗೆ ಟೇಪು ಸುತ್ತಿರಲಿ. ಚಾರ್ಜರಿನ ಮೇಲೆ ‘100–240 ವೋಲ್ಟ್’ ಎಂದು ಬರೆದಿದೆಯೆ ಎಂದು ಫೋಟೊ ತೆಗೆಸಿ ನೋಡಿ. ಬರೀ 110 ಅಥವಾ 120 ಎಂದಿದ್ದರೆ ನಮ್ಮ 230 ವೋಲ್ಟಿಗೆ ಸಿಕ್ಕಿಸಿದ ಕೂಡಲೇ ಸುಟ್ಟುಹೋಗುತ್ತದೆ. ಬ್ಯಾಟರಿಯ ಪ್ಲಗ್ಗಿನಲ್ಲೂ ಟಿ-ಪ್ಲಗ್, ಎಕ್ಸ್‌ಟಿ60, ತಮಿಯಾ, ಟ್ರ್ಯಾಕ್ಸಸ್ ಎಂದು ನಾಲ್ಕಾರು ಜಾತಿಗಳಿವೆ. ಇಲ್ಲಿ ಮುಂದೆ ಕೊಳ್ಳುವ ಬ್ಯಾಟರಿಗೆ ಹೊಂದುವ ಜೋಡಣೆಯ ತಂತಿಯೊಂದನ್ನು ಈಗಲೇ ತರಿಸಿಕೊಳ್ಳಿ.

ಮಲ್ಪೆಯ ವಿಷಯಕ್ಕೆ ಬಂದರೆ, ಬೇಡ. ವಾಟರ್‌ಪ್ರೂಫ್ ಎಂಬುದು ಒಳಗಿನ ವಿದ್ಯುತ್ ಭಾಗಗಳಿಗೆ ಹೇಳಿದ ಮಾತು. ಬೇರಿಂಗು, ಸ್ಕ್ರೂ, ಮೋಟಾರುಗಳಿಗೆ ಅದು ಅನ್ವಯಿಸುವುದಿಲ್ಲ. ಮಳೆನೀರಿನ ಗುಂಡಿಯಲ್ಲಿ ಓಡಿಸಿದರೆ ಒರೆಸಿ, ಗಾಳಿಗಿಟ್ಟು, ಬೇರಿಂಗಿಗೆ ಒಂದೊಂದು ಹನಿ ಎಣ್ಣೆ ಬಿಟ್ಟರೆ ಮುಗಿಯಿತು. ಉಪ್ಪುನೀರು ಹಾಗಲ್ಲ. ಕಡಲ ಬದಿಯ ಬೈಕಿನ ಸೈಲೆನ್ಸರ್ ಎಷ್ಟು ವರ್ಷ ಬರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಯವಾದ ಮರಳು ಗೇರಿನೊಳಗೆ ಸೇರಿತೆಂದರೆ ಉಜ್ಜುಕಾಗದ ಹಾಕಿ ತಿಕ್ಕಿದಂತೆ ಹಲ್ಲು ಸವೆಸುತ್ತದೆ. ಶಾಲೆಯ ಮೈದಾನ ಸಾಕು.

ಪ್ರಶ್ನೆ: ನಾನು ಏಳನೇ ತರಗತಿಯಲ್ಲಿ ಓದುತ್ತಿದ್ದೇನೆ. ನನ್ನ ಬಗ್ಗಿ ಕಾರು ನೇರವಾಗಿ ಹೋಗುವುದಿಲ್ಲ, ಯಾವಾಗಲೂ ಎಡಕ್ಕೆ ಎಳೆಯುತ್ತದೆ. ಅಪ್ಪ ಹೊಸ ಸರ್ವೊ ಹಾಕಿಸೋಣ ಎನ್ನುತ್ತಾರೆ. ಅದು ಬೇಕೇ ಬೇಕೆ? (ವಿದ್ಯಾರ್ಥಿನಿ, ಹಾಸನ)

ಉತ್ತರ: ಪುಟ್ಟಿ, ಅಪ್ಪನಿಗೆ ಒಂದು ದಿನ ತಡೆಯಲು ಹೇಳು. ಮೊದಲು ರಿಮೋಟಿನಲ್ಲಿ ಸ್ಟೀರಿಂಗ್ ಟ್ರಿಮ್ ಎಂಬ ಪುಟ್ಟ ಗುಂಡಿ ಹುಡುಕು. ಅದನ್ನು ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಕಾರನ್ನು ನಿಧಾನವಾಗಿ ಓಡಿಸಿ ನೋಡು. ಪೂರ್ತಿ ಬಲಕ್ಕೆ ತಿರುಗಿಸಿದ ಮೇಲೂ ಎಡಕ್ಕೇ ಹೋದರೆ ಟ್ರಿಮ್ಮನ್ನು ಮತ್ತೆ ನಡುವಿಗೆ ತಂದು ಬಿಡು. ಕಾರು ಮತ್ತು ರಿಮೋಟ್ ಹಚ್ಚಿಟ್ಟುಕೊಂಡೇ, ಸರ್ವೊ ಮೇಲಿರುವ ತೋಳಿನ ಸ್ಕ್ರೂ ಬಿಚ್ಚಿ, ತೋಳನ್ನು ಎತ್ತಿ, ಮುಂದಿನ ಎರಡೂ ಚಕ್ರ ನೇರ ನಿಲ್ಲುವ ಹಾಗೆ ಒಂದು ಹಲ್ಲು ಆಚೆಗೋ ಈಚೆಗೋ ಸರಿಸಿ ಕೂರಿಸು. ಈ ಕೆಲಸದ ಹೊತ್ತಿಗೆ ಅಪ್ಪ ಪಕ್ಕದಲ್ಲಿರಲಿ, ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ಕಾರನ್ನು ಒಂದು ಪುಸ್ತಕದ ಮೇಲೆ ಇಟ್ಟಿರು.

ಅದೂ ಸರಿಯಿದ್ದರೆ ಕಾರಿನ ಸ್ವಿಚ್ ಆರಿಸಿ, ಕೈಯಲ್ಲಿ ಎತ್ತಿ ಹಿಡಿದು, ಮುಂದಿನ ಚಕ್ರಗಳನ್ನು ಒಂದೊಂದಾಗಿ ಬೆರಳಿನಿಂದ ತಿರುಗಿಸು. ಬಲಗಡೆಯದು ಸಲೀಸಾಗಿ ತಿರುಗಿ ಎಡಗಡೆಯದು ಬೇಗ ನಿಂತರೆ ಕಳ್ಳ ಸಿಕ್ಕಿದ ಹಾಗೆಯೇ. ಚಕ್ರದ ನಟ್ಟನ್ನು ತೀರ ಬಿಗಿ ಮಾಡಿದ್ದರೆ ಕಾಲು ಸುತ್ತು ಸಡಿಲಿಸು. ಅಲ್ಲದಿದ್ದರೆ ಚಕ್ರ ಕಳಚಿ ಅಚ್ಚಿನ ಬುಡ ನೋಡು. ಮನೆಯೊಳಗೆ ಓಡಿಸಿದ ಕಾರಿನಲ್ಲಿ ನಾನು ನೋಡಿದ ಮಟ್ಟಿಗೆ ಹತ್ತಕ್ಕೆ ಆರು ಸಲ ಅಲ್ಲಿ ತಲೆಗೂದಲು ಸುತ್ತಿಕೊಂಡಿರುತ್ತದೆ. ಹೊಲಿಗೆಯ ಸೂಜಿಯಿಂದ ಬಿಡಿಸಿ ತೆಗೆ, ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡು, ಚಕ್ರ ಹಾಕಿ ಮತ್ತೊಮ್ಮೆ ತಿರುಗಿಸಿ ನೋಡು. ಆಮೇಲೂ ಎಡಕ್ಕೇ ಹೋದರೆ ಸರ್ವೊ ವಿಷಯ ಮಾತಾಡೋಣ, ಇನ್ನೊಂದು ಪತ್ರ ಬರೆ.